ಕಾಶಮ್ಮನವರ ಪಿಸುಮಾತು

ಕಾಶಮ್ಮನವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಗುಟ್ಟು ಹೇಳಬೇಕೆಂದು ಬಾಯಿಗೆ ಸೆರಗು ಅಡ್ಡ ಹಿಡಿದು, ತಲೆ ಬಾಗಿಸಿ, ಕಣ್ಣು ಕಿರಿದು ಮಾಡಿ, ಪಿಸುಗುಟ್ಟುವವರ ಸಿದ್ಧತೆಯನ್ನೆಲ್ಲ ಮಾಡಿಕೊಂಡೇ ಅವರು ಬಾಯಿ ತೆರೆಯುತ್ತಿದ್ದರು. ಆದರೆ ರಸ್ತೆಯಾಚೆ ನನ್ನ ಅಂಗಡಿಯಲ್ಲಿ ನಲ್ಲಿ ಆರಿಸುತ್ತ ನಿಂತ ಗಿರಾಕಿಗಳು ಆ ಗುಟ್ಟಿಗೆ ತಿರುಗಿ ನೋಡುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಶಹಾಬಾದಿನ ಹತ್ತಿರದ ಕಲ್ಲುಗಣಿಗಳ ನಡುವೆ. ಕೈಹಿಡಿದದ್ದು ಕಲ್ಲು ಕೊಯ್ಯುವ ಮಷೀನು ನಡೆಸುತ್ತಿದ್ದ ಭೀಮರಾಯರನ್ನು. ಆ ಮಷೀನಿನ ಸದ್ದಿಗೆ ಭೀಮರಾಯರ ಕಿವಿ ಎಳೆ ವಯಸ್ಸಿನಲ್ಲೇ ಮಂದವಾಗಿತ್ತು. "ಇವ್ರಿಗೆ ಕೇಳೂಹಂಗ ಮಾತಾಡಿ ಮಾತಾಡಿ ಊರಿಗೆಲ್ಲ ಕೇಳೂಹಂಗ ಆಗೇತಿ ನೋಡ್ರಿ ನನ್ನ ಗಂಟಲ," ಎನ್ನುತ್ತಿದ್ದರು ಕಾಶಮ್ಮ. ಭೀಮರಾಯರು ಇದಕ್ಕೆಲ್ಲ ನಸುನಗುತ್ತಿದ್ದರು. ಅವರಿಗೆ ಎಷ್ಟು ಕೇಳುತ್ತಿತ್ತು, ಎಷ್ಟು ಕೇಳದೆ ಹೋಗುತ್ತಿತ್ತು ಎಂಬುದು ನನಗೆ ಕೊನೆಯವರೆಗೂ ಸ್ಪಷ್ಟವಾಗಲಿಲ್ಲ.

ಗಂಡ ಹೆಂಡತಿ ಇಬ್ಬರೂ ಹೈದರಾಬಾದಿನ ಗಚ್ಚಿಬೌಲಿಯಿಂದ ಲಿಂಗಂಪಲ್ಲಿಗೆ ಹೋಗುವ ಹಾದಿಯಲ್ಲಿ ಫರಸಿ ಅಂಗಡಿ ಇಟ್ಟಿದ್ದರು. ಫರಸಿ ಅಂದರೆ ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು. ಅಂಗಡಿ ಎಂದರೆ ಬಯಲು ಜಾಗ, ಸುತ್ತ ಮುಳ್ಳುತಂತಿ, ಸಾಲಾಗಿ ಒರಗಿಸಿಟ್ಟ ಬೂದುಬಣ್ಣದ ಕಲ್ಲುಗಳು, ಮೂಲೆಯಲ್ಲೊಂದು ಪತ್ರಾಸಿನ, ಅಂದರೆ ತಗಡಿನ, ಶೆಡ್ಡು. ಎದುರಿಗೆ ನನ್ನ ಪೈಪು, ನಲ್ಲಿ, ಬಣ್ಣದ ಅಂಗಡಿ. ನಮ್ಮ ಅಪ್ಪ ಬೀದರಿನಿಂದ ಬಂದು ಇಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ದುಡಿದವರು. ನನಗೆ ಆ ಗೇಟಿನೊಳಗಿನ ನೌಕರಿ ಹತ್ತಲಿಲ್ಲ, ವ್ಯಾಪಾರ ಹತ್ತಿತು. ದಿನವಿಡೀ ತೆಲುಗು, ಹಿಂದಿ ಮಾತಾಡಿ ದಣಿದ ನಾಲಿಗೆಗೆ ರಸ್ತೆ ದಾಟಿದರೆ ಕನ್ನಡ ಸಿಗುತ್ತಿತ್ತು. ಹಾಗಾಗಿ ಮಧ್ಯಾಹ್ನದ ಚಹಾ ನನಗೆ ಅವರ ಅಂಗಡಿಯಲ್ಲೇ ಆಗಬೇಕಿತ್ತು. ಅವರು ನನ್ನನ್ನು "ಶಿವಾನಂದ ತಮ್ಮಾ" ಎನ್ನುತ್ತಿದ್ದರು, ನಾನು "ಅಕ್ಕೋರ" ಎನ್ನುತ್ತಿದ್ದೆ.

ಅವರ ದನಿಯಿಂದಾಗಿ ಅವರ ವ್ಯಾಪಾರದಲ್ಲಿ ಒಳಗೊಂದು ಹೊರಗೊಂದು ಎಂಬುದು ಸಾಧ್ಯವೇ ಇರಲಿಲ್ಲ. ಒಬ್ಬ ಗಿರಾಕಿಗೆ ಹೇಳಿದ ದರ ಉಳಿದ ಗಿರಾಕಿಗಳಿಗೂ ಕೇಳಿರುತ್ತಿತ್ತು. ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಹೆಂಡತಿಯನ್ನು ಕರೆದುಕೊಂಡು ತನ್ನ ಹೊಸ ಮನೆಗೆ ಕಲ್ಲು ನೋಡಲು ಬಂದ ದಿನ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಮನೆ ಕಟ್ಟುತ್ತಿದ್ದ ಗುತ್ತಿಗೆದಾರನೂ ಜೊತೆಗಿದ್ದ. ಗಂಡ ಹೆಂಡತಿ ಕಲ್ಲು ನೋಡುತ್ತ ಆಚೆ ಹೋದಾಗ ಅವನು ಕಾಶಮ್ಮನವರ ಹತ್ತಿರ ಬಗ್ಗಿ ಏನೋ ಅಂದ. ಕಾಶಮ್ಮನವರು ಸೆರಗು ಅಡ್ಡ ಹಿಡಿದುಕೊಂಡು, "ನಿಮಗ ಕಮಿಷನ್ ಕೊಡಬೇಕಂದ್ರ ಇವರ ರೇಟಿನ್ಯಾಗ ಹಚ್ಚಬೇಕಾಗತೈತಿ. ಹಚ್ಚಲೇನ್ರಿ?" ಎಂದು ಕೇಳಿದರು. ಹಿಂದಿಯಲ್ಲೇ ಕೇಳಿದರು. ಕಲ್ಲುಗಳ ಸಾಲಿನಾಚೆಯಿಂದ ಆ ಹುಡುಗ, "ಬೇಡ ಅಮ್ಮಾ, ಹಚ್ಚಬೇಡಿ," ಎಂದ. ಗುತ್ತಿಗೆದಾರ ಮತ್ತೆ ಆ ಕಡೆ ಬರಲಿಲ್ಲ. ಆ ಹುಡುಗ ಮಾತ್ರ ತನ್ನ ಗೆಳೆಯರನ್ನೆಲ್ಲ ಕಳಿಸಿದ.

ಇದರಲ್ಲಿ ಕಾಶಮ್ಮನವರ ಜಾಣತನ ಎಷ್ಟು, ಗಂಟಲಿನ ದೋಷ ಎಷ್ಟು ಎಂದು ಒಮ್ಮೆ ಕೇಳಿದ್ದೆ. "ನಾ ಮೆಲ್ಲಕ ಕೇಳಿದ್ದೆ ತಮ್ಮಾ," ಎಂದರು, ನಗದೆ.

ಹೈದರಾಬಾದಿನ ಆ ಅಂಚು ಆಗ ಕಣ್ಣಮುಂದೆಯೇ ಬೆಳೆಯುತ್ತಿತ್ತು. ಈ ವಾರ ಬಂಡೆಗಳಿದ್ದಲ್ಲಿ ಮುಂದಿನ ವಾರ ಕಂಬಗಳು ಏಳುತ್ತಿದ್ದವು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಬಂದಿಳಿದ ದಿನವೇ ಕೂಲಿ ಸಿಗುತ್ತಿತ್ತು. ಕಾಶಮ್ಮನವರೂ ಧೈರ್ಯ ಮಾಡಿ ಒಂದು ಪಾಲಿಶ್ ಮಷೀನು ತರಿಸಿದರು. ಅಪಾರ್ಟ್‌ಮೆಂಟಿನವರಿಗೆ ಕಚ್ಚಾ ಫರಸಿ ಬೇಡ, ಕನ್ನಡಿಯಂತೆ ಹೊಳೆಯುವುದು ಬೇಕು ಎಂಬುದು ಅವರಿಗೆ ಗೊತ್ತಾಗಿತ್ತು. ಮಷೀನಿಗೆ ಕುಂಕುಮ ಹಚ್ಚಿ ಪೂಜೆ ಮಾಡಿ ನಮಗೆಲ್ಲ ಹೋಳಿಗೆ ಹಂಚಿದರು.

ಅದಾಗಿ ಕೆಲವೇ ತಿಂಗಳಿಗೆ ಪರದೇಶದ ಬ್ಯಾಂಕುಗಳು ಮುಳುಗಿದ ಸುದ್ದಿ ಬಂತು. ನಮಗೂ ಅದಕ್ಕೂ ಏನು ಸಂಬಂಧ ಎಂದು ನಾನು ಟೀವಿ ಆರಿಸಿ ಮಲಗಿದ್ದೆ. ಸಂಬಂಧ ಇತ್ತು. ಕಂಪನಿಗಳಲ್ಲಿ ಹುಡುಗರನ್ನು ಮನೆಗೆ ಕಳಿಸತೊಡಗಿದರು, ಕೆಲಸ ಉಳಿದವರೂ ಮನೆ ಕೊಳ್ಳುವುದನ್ನು ಮುಂದೂಡಿದರು. ಅರ್ಧ ಎದ್ದ ಕಟ್ಟಡಗಳು ಕಬ್ಬಿಣದ ಸರಳು ಚಾಚಿಕೊಂಡು ಹಾಗೇ ನಿಂತವು. ಬೆಳಿಗ್ಗೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಕೂಡುರಸ್ತೆಯಲ್ಲಿ ಮಧ್ಯಾಹ್ನವಾದರೂ ಜನ ಕರಗುತ್ತಿರಲಿಲ್ಲ. ನಾನು ನಲ್ಲಿಗಳ ಮೇಲಿನ ದೂಳು ಒರೆಸುತ್ತ ಕೂತೆ. ಕಾಶಮ್ಮನವರ ಹೊಸ ಮಷೀನು ನಿಂತಿತು. ಅವರ ಅಂಗಡಿಗೆ ಕಲ್ಲು ಕಳಿಸುತ್ತಿದ್ದ ಗಣಿಯಲ್ಲಿ ಅವರ ತವರಿನವರೇ ಉಳಿ, ಸುತ್ತಿಗೆ ಹಿಡಿದು ದುಡಿಯುತ್ತಿದ್ದರು. ಅವರು ಫೋನು ಮಾಡಿ, ಲಾರಿ ತುಂಬಿಸಲೋ ಬೇಡವೋ ಎಂದು ಕೇಳುತ್ತಿದ್ದರು. "ಸ್ವಲ್ಪ ತಡೀರಪ್ಪ," ಎಂದು ಕಾಶಮ್ಮನವರು ಹೇಳುವುದು ನನ್ನ ಅಂಗಡಿಗೆ ಕೇಳುತ್ತಿತ್ತು.

ಕಟ್ಟಡ ಸಾಮಾನು ಮಾರುವ ನಮ್ಮದೊಂದು ಸಂಘವಿತ್ತು. ಇಟ್ಟಿಗೆಯವರು, ಮರಳಿನವರು, ಕಲ್ಲಿನವರು, ನನ್ನಂಥ ಪೈಪಿನವರು ಎಲ್ಲ ಸೇರಿದ ಸಂಘ. ನಾನು ಅದರ ಸಹ ಕಾರ್ಯದರ್ಶಿ. ಅಧ್ಯಕ್ಷರು ಪಾಂಡುರಂಗಂ ಗಾರು, ದೊಡ್ಡ ಗ್ರಾನೈಟು ಷೋರೂಮಿನ ಒಡೆಯರು, ಮೆತ್ತಗೆ ಮಾತಾಡುವ, ಅಚ್ಚುಕಟ್ಟಾದ ಮನುಷ್ಯ. ಮುಂದಿನ ವಿಧಾನಸಭೆ ಅಧಿವೇಶನದಲ್ಲಿ ಸರ್ಕಾರ ಮಾರಾಟ ತೆರಿಗೆಗೆ ತಿದ್ದುಪಡಿ ತರುತ್ತದೆ ಎಂದು ಅವರಿಗೆ ಸುದ್ದಿ ಸಿಕ್ಕಿತ್ತು. ನೆಲಕ್ಕೆ ಹಾಸುವ ಕಲ್ಲನ್ನೆಲ್ಲ ಸರ್ಕಾರ ಒಂದೇ ಗುಂಪಿಗೆ ಸೇರಿಸಿತ್ತು. ಬಂಗಲೆಯ ಅಮೃತಶಿಲೆಗೂ ಬಡವನ ಮನೆಯ ಫರಸಿಗೂ ಒಂದೇ ತೆರಿಗೆ. ವ್ಯಾಪಾರ ಬಿದ್ದ ಈ ಕಾಲದಲ್ಲಾದರೂ ಅದನ್ನು ಇಳಿಸಿ ಎಂದು ಕೇಳಿಕೊಳ್ಳಲು ನಿಯೋಗ ಹೋಗಬೇಕು ಎಂದಾಯಿತು.

"ಸಣ್ಣ ಅಂಗಡಿಯವರೂ ಒಬ್ಬರು ಕಾಣಬೇಕು. ಕಾಶಮ್ಮನವರನ್ನು ಕರೆದುಕೊಂಡು ಹೋಗೋಣ," ಎಂದರು ಪಾಂಡುರಂಗಂ. ಆಮೇಲೆ ನನ್ನನ್ನು ಬದಿಗೆ ಕರೆದು, "ಆದರೆ ಆಕೆ ಮಾತಾಡದ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ," ಎಂದರು. ನಾನು ಈ ಮಾತನ್ನು ಆದಷ್ಟು ನಯವಾಗಿ ಕಾಶಮ್ಮನವರಿಗೆ ತಲುಪಿಸಿದೆ.

"ನನ್ನ ಮುಖಾ ತೋರಸಾಕ ಕರ್ಕೊಂಡು ಹೊಂಟಾರ, ಹೌದಿಲ್ಲ?" ಎಂದರು.

"ಹಂಗಲ್ರಿ ಅಕ್ಕೋರ."

"ಇರಲಿ ಬಿಡು. ಮುಖಾ ಛಂದ ತೊಳ್ಕೊಂಡು ಬರ್ತೀನಿ."

ಹಸಿರು ಇಳಕಲ್ ಸೀರೆ ಉಟ್ಟು, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡು ಬಂದರು. ನಮ್ಮ ಭಾಗದ ಶಾಸಕರ ಮನೆಯ ವರಾಂಡದಲ್ಲಿ ಇಡೀ ಬೆಳಗು ಕಾದೆವು. ಪಾಂಡುರಂಗಂ ಕೈಗಡಿಯಾರ ನೋಡುತ್ತ ಶತಪಥ ಹಾಕಿದರು. ಕಾಶಮ್ಮನವರು ಮೆಟ್ಟಿಲ ಮೇಲೆ ಕೂತು, ಅಲ್ಲಿದ್ದ ಪೊಲೀಸಿನವನ ಊರು, ಕುಲ, ಮಕ್ಕಳ ಓದು ಎಲ್ಲ ವಿಚಾರಿಸಿಕೊಂಡರು. ಒಳಗೆ ಶಾಸಕರಿಗೂ ಅದೆಲ್ಲ ಕೇಳಿರಬೇಕು.

ನಮ್ಮನ್ನು ಕರೆದಾಗ ಪಾಂಡುರಂಗಂ ಮನವಿ ಕೊಟ್ಟು ತೆಲುಗಿನಲ್ಲಿ ಚೆನ್ನಾಗಿಯೇ ವಿವರಿಸಿದರು. ಕೊನೆಗೆ, ಈ ಕಲ್ಲಿನ ವ್ಯಾಪಾರ ನಂಬಿಕೊಂಡು ನಿಮ್ಮ ಕ್ಷೇತ್ರದಲ್ಲಿ ಸಾವಿರಾರು ಕುಟುಂಬಗಳಿವೆ, ಅಷ್ಟೂ ಓಟುಗಳು ನಿಮ್ಮವೇ ಎಂಬ ಮಾತನ್ನೂ ಸೇರಿಸಿದರು. ಶಾಸಕರು ಕಾಶಮ್ಮನವರ ಕಡೆ ತಿರುಗಿ, "ಹೌದಾ ಅಮ್ಮಾ?" ಎಂದರು.

ಹಿಂದಿ, ತೆಲುಗು, ಕನ್ನಡ ಮೂರನ್ನೂ ಕಲೆಸಿ ಆಡುತ್ತಿದ್ದ ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಓಟಿಂದು ನನಗ ಹೇಳಾಕ ಬರಂಗಿಲ್ರೀ ಸಾಹೇಬ್ರ. ಕಲ್ಲಿನ ಕೆಲಸದ ಮಂದಿ ಭಾಳ ಮಂದಿದು ಓಟು ಊರಾಗೇ ಐತಿ, ಕಲಬುರಗಿ ಕಡೆ. ನಂದೂ ಅಲ್ಲೇ ಐತಿ. ಆದ್ರ ಹೊಟ್ಟಿ ಇಲ್ಲೇ ಐತ್ರಿ."

ಪಾಂಡುರಂಗಂ ಕಣ್ಣು ಮುಚ್ಚಿಕೊಂಡರು. ಶಾಸಕರು ಜೋರಾಗಿ ನಕ್ಕರು. ಓಟು ಇಲ್ಲ ಅಂತ ಮೊದಲೇ ಹೇಳಿ ಕೆಲಸ ಕೇಳಿದವರನ್ನು ತಾನು ಇವತ್ತೇ ನೋಡುತ್ತಿರುವುದು ಎಂದರು. ಅಮ್ಮನಿಗೆ ಚಹಾ ತರಿಸಿದರು, ನಮಗೂ ಬಂತು. ಅಧಿವೇಶನದಲ್ಲಿ ವಿಷಯ ಎತ್ತುತ್ತೇನೆ, ನೀವೇ ಬಂದು ಕೂತು ನೋಡಿ ಎಂದು ಪಾಸು ಬರೆಸಿಕೊಟ್ಟರು.

ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತ ಆ ದಿನದಷ್ಟು ನಾನು ಎಂದೂ ಬೆವತಿಲ್ಲ. ಅಲ್ಲಿ ಪಿಟ್ಟೆನ್ನಬಾರದು, ಸದ್ದಾದರೆ ಹೊರಗೆ ಹಾಕುತ್ತಾರೆ ಎಂದು ಕಾವಲಿನವರು ಬಾಗಿಲಲ್ಲೇ ಹೇಳಿದ್ದರು. ಕಾಶಮ್ಮನವರು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತರು. ಕೆಳಗೆ ಯಾವ್ಯಾವುದೋ ಗಲಾಟೆ ನಡೆದು, ಯಾರೋ ಸಭಾತ್ಯಾಗ ಮಾಡಿ, ಮತ್ತೆ ಒಳಗೆ ಬಂದು, ಕೊನೆಗೆ ನಮ್ಮ ಶಾಸಕರಿಗೆ ಮಾತಿನ ಅವಕಾಶ ಸಿಕ್ಕಿತು. ಎದ್ದು ನಿಂತವರೇ, "ಶಹಾಬಾದ್ ಟೈಲ್ಸ್ ಮಾರುವ ಬಡವರು" ಎಂದು ಶುರುಮಾಡಿದರು.

ಟೈಲ್ಸ್ ಎಂದರೆ ಕಾರ್ಖಾನೆಯಲ್ಲಿ ಸುಟ್ಟು ಮಾಡಿದ್ದು, ಕಾಶಮ್ಮನವರ ವ್ಯಾಪಾರದ ಹಗೆ. ಅವರು ನನ್ನ ಮುಂಗೈ ಹಿಡಿದರು. ಶಾಸಕರು ಮತ್ತೆ ಟೈಲ್ಸ್ ಎಂದಾಗ ಅವರ ಉಗುರು ನನ್ನ ಚರ್ಮದೊಳಗೆ ಇಳಿಯಿತು. ಕಲ್ಲು ಎತ್ತಿ ಇಳಿಸಿದ ಕೈ ಅದು. ನಾನು ಹಲ್ಲು ಕಚ್ಚಿ ಕೂತೆ. ಪಕ್ಕದ ಶಾಸಕರು ಯಾರೋ ಜುಬ್ಬಾ ಎಳೆದು ಹೇಳಿದ ಮೇಲೆ ನಮ್ಮವರು, "ಕ್ಷಮಿಸಿ ಸಭಾಧ್ಯಕ್ಷರೇ, ಟೈಲ್ಸ್ ಅಲ್ಲ, ಕಲ್ಲು," ಎಂದು ತಿದ್ದಿಕೊಂಡರು. ಕಾಶಮ್ಮನವರ ಹಿಡಿತ ಸಡಿಲವಾಯಿತು. ಹೊರಗೆ ಬಂದ ಮೇಲೆ ನನ್ನ ಕೈ ನೋಡಿ, "ಅಯ್ಯ ತಮ್ಮಾ, ಇದೇನಾತು ನಿನ್ನ ಕೈಗೆ?" ಎಂದು ಕೇಳಿದರು.

ತೆರಿಗೆ ಖಾತೆಯ ಮಂತ್ರಿಗಳು ಸದನದಲ್ಲಿ, ಪರಿಶೀಲಿಸುತ್ತೇವೆ ಎಂದಷ್ಟೇ ಹೇಳಿದ್ದರು. ಆದರೆ ಶಾಸಕರು ಬಿಡದೆ ಅದೇ ವಾರ ನಮ್ಮನ್ನು ಆ ಮಂತ್ರಿಗಳ ಕೋಣೆಗೆ ಕರೆದೊಯ್ದರು. ಮೇಜಿನಾಚೆ ಮಂತ್ರಿ, ಪಕ್ಕದಲ್ಲಿ ತೆರಿಗೆ ಇಲಾಖೆಯ ಅಧಿಕಾರಿ. ಈಚೆ ಪಾಂಡುರಂಗಂ, ನಾನು, ಕಾಶಮ್ಮ.

ಅಧಿಕಾರಿ ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ಬೊಕ್ಕಸಕ್ಕೂ ಇದು ಕಷ್ಟದ ಕಾಲ, ಎಲ್ಲ ಕಲ್ಲಿಗೂ ಇಳಿಸಲು ಆಗುವುದಿಲ್ಲ ಎಂದರು. ಮಂತ್ರಿಗಳು ನಮ್ಮತ್ತ ನೋಡಿ, "ಒಂದಕ್ಕೆ ಇಳಿಸಬಹುದು. ಪಾಲಿಶ್ ಮಾಡಿದ ಕಲ್ಲಿಗೋ, ಪಾಲಿಶ್ ಇಲ್ಲದ ಕಚ್ಚಾ ಕಲ್ಲಿಗೋ. ನೀವೇ ಹೇಳಿ," ಎಂದರು.

ಸಂಘದ ದೊಡ್ಡವರದೆಲ್ಲ ಪಾಲಿಶ್ ಕಲ್ಲಿನ ವ್ಯಾಪಾರ. ಪಾಂಡುರಂಗಂ ಅವರ ಷೋರೂಮು ನಡೆಯುವುದೇ ಅದರಿಂದ. ಕಚ್ಚಾ ಕಲ್ಲನ್ನೇ ನೆಚ್ಚಿಕೊಂಡವರು ಸಣ್ಣ ಅಂಗಡಿಯವರು, ಗಣಿಯಲ್ಲಿ ಕೈಯಿಂದ ಕಲ್ಲು ಒಡೆಯುವವರು. ಕಾಶಮ್ಮನವರು ಎರಡರ ನಡುವೆ ಇದ್ದರು. ಅವರ ಅಂಗಳದಲ್ಲಿ ಕಚ್ಚಾ ಫರಸಿಯೂ ಇತ್ತು, ಹೊಸ ಪಾಲಿಶ್ ಮಷೀನೂ ಇತ್ತು. ಮಷೀನು ತಿರುಗದೆ ಅವರಿಗೆ ಉಳಿಗಾಲವಿರಲಿಲ್ಲ.

"ನಾವು ಒಂದು ನಿಮಿಷ ಮಾತಾಡಿಕೊಳ್ಳುತ್ತೇವೆ ಸರ್," ಎಂದು ಪಾಂಡುರಂಗಂ ನಮ್ಮ ಕಡೆ ಬಾಗಿದರು. ಮೂವರ ತಲೆಗಳು ಹತ್ತಿರ ಬಂದವು. ಕಾಶಮ್ಮನವರು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ನನಗೆ ತಡೆಯಲು ವೇಳೆ ಸಿಗಲಿಲ್ಲ.

"ಕಚ್ಚಾ ಕಲ್ಲಿಗೇ ಕೇಳೂಣ್ರಿ. ಪಾಲಿಶ್‌ದಾವ್ರು ನಾವು ಹೆಂಗರ ಒಂದು ವರ್ಷ ತಡಕೋತೀವಿ. ಉಳಿ ಹಿಡದಾವ್ರ ಮನ್ಯಾಗ ನಾಳಿಗೆ ಒಲಿ ಹತ್ತಬೇಕಲ್ರಿ."

ಕೋಣೆಯಲ್ಲಿ ಎಲ್ಲರಿಗೂ ಅರ್ಥವಾಗುವ ಹಿಂದಿಯಲ್ಲೇ ಬಂತು ಆ ಪಿಸುಮಾತು. ಬಾಗಿಲ ಹೊರಗಿದ್ದ ಜವಾನ ಒಳಗೆ ಇಣುಕಿ ನೋಡಿದ. ಅಧಿಕಾರಿ ಪೆನ್ನು ಹಿಡಿದವರು ಹಾಗೇ ಕೂತರು. ಮಂತ್ರಿಗಳು ಕಾಶಮ್ಮನವರನ್ನೇ ನೋಡುತ್ತ, "ಅಮ್ಮಾ, ನಿಮ್ಮದು ಯಾವ ಕಲ್ಲಿನ ವ್ಯಾಪಾರ?" ಎಂದರು.

"ಎರಡೂ ಅದಾವ್ರಿ. ಮಷೀನು ಹೊಸಾದು ತಂದೀನಿ."

"ಸರಿ," ಎಂದರು ಮಂತ್ರಿ, ಅಧಿಕಾರಿಯ ಕಡೆ ತಿರುಗಿ. "ಬರೆದುಕೊಳ್ಳಿ. ಕಚ್ಚಾ ಕಲ್ಲು."

ಪಾಂಡುರಂಗಂ ಎದ್ದು ಕೈಮುಗಿದರು. ಆಗ ಬೇರೆ ಏನು ಮಾಡಲೂ ಅವರಿಗೆ ದಾರಿ ಇರಲಿಲ್ಲ. ಹೊರಗೆ ಬಂದವರು ನಮ್ಮನ್ನು ಅಲ್ಲೇ ಬಿಟ್ಟು ಕಾರು ಹತ್ತಿದರು.

ನಾವಿಬ್ಬರೂ ಹತ್ತಿರದ ಇರಾನಿ ಹೋಟೆಲಿಗೆ ಹೋದೆವು. ಕಾಶಮ್ಮನವರು ಚಹಾದಲ್ಲಿ ಬಿಸ್ಕೀಟು ಅದ್ದುವುದನ್ನು ಮರೆತು ಕೂತಿದ್ದರು. "ಅವ್ರಿಗೆಲ್ಲ ಕೇಳಿಬಿಟ್ಟೇನ ತಮ್ಮಾ?" ಎಂದರು.

"ಕೇಳದೆ ಇರ್ತೈತೇನ್ರಿ ಅಕ್ಕೋರ."

"ನಾ ನಿಮಗಿಬ್ಬರಿಗೇ ಅಂದಿದ್ದೆ. ಪಾಂಡುರಂಗಂ ಅವ್ರು ಬ್ಯಾಡ ಅಂದಿದ್ರ ಸುಮ್ಮನಾಗ್ತಿದ್ದೆ, ಖರೇ ಹೇಳ್ತೀನಿ. ಹಿರ್‍ಯಾರು ಅವ್ರು." ಆಮೇಲೆ, "ಆದ್ರ ಆದದ್ದು ಛಲೋನ ಆತು," ಎಂದರು. ಹಾಗೆಂದು ಬಿಸ್ಕೀಟು ಅದ್ದಿದರು. ಅದು ಮುರಿದು ಚಹಾದಲ್ಲಿ ಬಿತ್ತು. ಚಮಚ ತರಿಸಿ ತೆಗೆದುಕೊಂಡು ತಿಂದರು.

ತಿದ್ದುಪಡಿ ಪಾಸಾಯಿತು. ಆಮೇಲಿನ ಸಂಘದ ಸಭೆಯಲ್ಲಿ ಗ್ರಾನೈಟಿನವರು ಹರಿಹಾಯ್ದರು. ಈಕೆಯನ್ನು ಕರೆದೊಯ್ದವರು ಯಾರು, ಈಕೆಗೆ ಸಂಘದ ಪರವಾಗಿ ಮಾತಾಡಲು ಹೇಳಿದವರು ಯಾರು ಎಂದರು. ಕಾಶಮ್ಮನವರು ಎದ್ದು ನಿಂತರು. "ತಪ್ಪಾತ್ರಿ. ನಾ ಮೆಲ್ಲಕ ಅಂದಿದ್ದೆ," ಎಂದರು. ಹಿಂದಿನ ಸಾಲಿನಲ್ಲಿ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆಯೇ ನಕ್ಕಿತು. ಪಾಂಡುರಂಗಂ ಬಹಳ ಹೊತ್ತು ಬಿಗಿದುಕೊಂಡಿದ್ದವರು ಕೊನೆಗೆ ಕನ್ನಡಕ ತೆಗೆದು ಒರೆಸತೊಡಗಿದರು. ಸಣ್ಣ ಅಂಗಡಿಯವರು ಒಬ್ಬೊಬ್ಬರಾಗಿ ಎದ್ದು, ತಮ್ಮಲ್ಲಿ ಮತ್ತೆ ಲಾರಿ ಇಳಿಯುತ್ತಿದೆ, ಊರ ಹೊರಗೆ ಒಂದು ಕೋಣೆ ಎರಡು ಕೋಣೆ ಕಟ್ಟಿಕೊಳ್ಳುವವರು ಬಂದು ಕಲ್ಲು ಒಯ್ಯುತ್ತಿದ್ದಾರೆ ಎಂದು ಹೇಳಿದರು. ಅಷ್ಟಾದರೂ ಮುಂದಿನ ನಿಯೋಗಗಳಿಗೆ ಕಾಶಮ್ಮನವರನ್ನು ಯಾರೂ ಕರೆಯಲಿಲ್ಲ. ಮರುವರ್ಷ ಪಾಂಡುರಂಗಂ ಒಬ್ಬರೇ ಹೋಗಿ ಓಡಾಡಿ ಪಾಲಿಶ್ ಕಲ್ಲಿಗೂ ಸ್ವಲ್ಪ ಇಳಿಸಿಕೊಂಡು ಬಂದರು. ಅದನ್ನು ಕಾಶಮ್ಮನವರೇ ಎಲ್ಲರಿಗೂ ಹೇಳಿಕೊಂಡು ಓಡಾಡಿದರು. "ಶಾಣ್ಯಾ ಮನಷಾ. ಸದ್ದಿಲ್ಲದ ಮಾಡಿಕೊಂಡು ಬಂದ ನೋಡ್ರಿ," ಎನ್ನುತ್ತಿದ್ದರು.

ಅಲ್ಲಿಯವರೆಗೆ ಅವರ ಪಾಲಿಶ್ ಮಷೀನು ನಿಂತೇ ಇತ್ತು. ಅದರ ಅಗಲವಾದ ಮೇಜಿನ ಮೇಲೆ ಕಾಶಮ್ಮನವರು ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಕೆಂಪು ಮೆಣಸಿನಕಾಯಿ ಒಣಗಿಸಿದರು. ಕಚ್ಚಾ ಫರಸಿಯ ವ್ಯಾಪಾರದಲ್ಲಿ ಲಾಭ ತೆಳು. ಆದರೆ ತವರಿನವರಿಗೆ ಫೋನಿನಲ್ಲಿ, "ತುಂಬಿಸಿ ಕಳಸ್ರಪ್ಪ," ಎಂದು ಅವರು ಹೇಳುವ ಖುಷಿಗೆ ನಾನು ರಸ್ತೆಯಾಚೆ ಕೂತೇ ಸಾಕ್ಷಿಯಾಗಿದ್ದೆ. ಮಷೀನು ಮತ್ತೆ ತಿರುಗಿದ ದಿನ ಭೀಮರಾಯರು ಮೇಜಿನ ಮೇಲಿನ ಮೆಣಸಿನಕಾಯಿಯನ್ನು ಬಾಚಿ ಚೀಲಕ್ಕೆ ತುಂಬುತ್ತ ಸೀನುತ್ತಿದ್ದದ್ದು ನೆನಪಿದೆ.

ಊರು ಮತ್ತೆ ಬೆಳೆಯತೊಡಗಿತು. ಅರ್ಧ ನಿಂತ ಕಟ್ಟಡಗಳು ಮೇಲೆದ್ದವು, ನನ್ನ ನಲ್ಲಿಗಳೂ ಖರ್ಚಾದವು. ಕಾಶಮ್ಮನವರ ಅಂಗಡಿ ಇದ್ದ ಬಾಡಿಗೆ ಜಾಗವನ್ನು ಅದರ ಒಡೆಯರು ಒಂದು ಕಂಪನಿಗೆ ಮಾರಿದರು. ಕಾಶಮ್ಮನವರು ತಕರಾರು ಮಾಡಲಿಲ್ಲ. ಬೀದರಿನ ಹಾದಿಯಲ್ಲಿ ಜಹೀರಾಬಾದಿನ ಈಚೆ ರಸ್ತೆಗೆ ತಾಗಿದ ಒಂದು ತುಂಡು ಜಾಗ ಕೊಂಡು, ಕಲ್ಲು, ಮಷೀನು, ಗಂಡ ಎಲ್ಲವನ್ನೂ ಲಾರಿಗೆ ಹೇರಿಕೊಂಡು ಹೋದರು. ನನ್ನ ಅಂಗಡಿಗೆ ಬಂದು ಒಂದು ತಾಮ್ರದ ಬಣ್ಣದ ನಲ್ಲಿ ಕೊಂಡರು. ರೊಕ್ಕ ಬೇಡವೆಂದರೆ ಕೇಳಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಬೀದರಿನಲ್ಲಿ ಒಂದು ಮದುವೆ ಮುಗಿಸಿ ನಾನೂ ನನ್ನ ಹೆಂಡತಿಯೂ ವಾಪಸು ಬರುತ್ತಿದ್ದೆವು. ಅವರ ಅಂಗಡಿ ಕಂಡು ಕಾರು ನಿಲ್ಲಿಸಿದೆ. ಮಂಡಿನೋವು ಹೆಚ್ಚಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ವ್ಯಾಪಾರ ನಡೆಸುತ್ತಿದ್ದರು. ನಮ್ಮನ್ನು ಕೂರಿಸಿ ಜೋಳದ ರೊಟ್ಟಿ, ಪುಂಡಿ ಪಲ್ಲೆ ಹಾಕಿಸಿದರು. ಊಟವಾದ ಮೇಲೆ ನನ್ನ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಎದ್ದು, "ಬಾ ತಂಗಿ, ಒಂದು ತೋರಸ್ತೀನಿ," ಎಂದು ಹಿಂದಕ್ಕೆ ಕರೆದೊಯ್ದರು.

ಹಿಂದೆ ಅವರ ಮನೆ ಏಳುತ್ತಿತ್ತು. ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ಕಟ್ಟೆ. ಹೈದರಾಬಾದಿನಲ್ಲಿದ್ದ ಅಷ್ಟು ವರ್ಷವೂ ಅವರು ಇದ್ದದ್ದು ಪತ್ರಾಸಿನ ಶೆಡ್ಡಿನಲ್ಲಿ, ಕೆಮ್ಮಣ್ಣು ಬಡಿದ ನೆಲದ ಮೇಲೆ. ನನಗದು ಗೊತ್ತಿದ್ದರೂ ಅಂದಿನವರೆಗೆ ಅದರ ಬಗ್ಗೆ ಯೋಚಿಸಿರಲಿಲ್ಲ. ಹೊಸ ಮನೆಗೆ ಹಿಂದಿನ ದಿನವಷ್ಟೇ ಫರಸಿ ಹಾಸಿದ್ದರು. ಸಂದಿನ ಸಿಮೆಂಟು ಇನ್ನೂ ಹಸಿಯಿತ್ತು, ಭೀಮರಾಯರು ಹೊಸಿಲ ಮೇಲೆ ಕೂತು ನಾಯಿ ಒಳಗೆ ಹೋಗದಂತೆ ಕಾಯುತ್ತಿದ್ದರು. ಕಾಶಮ್ಮನವರು ಕಿಟಕಿಯ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಒಳಗೆ ನೋಡುತ್ತ ನಿಂತರು. ನಾವೂ ನೋಡಿದೆವು. ಬೂದುಬಣ್ಣದ, ಅಲ್ಲಲ್ಲಿ ನಸುಹಳದಿ ಛಾಯೆಯ ಕಲ್ಲುಗಳು, ಗೋಡೆಯಿಂದ ಗೋಡೆಗೆ.

"ನಾಡಿದ್ದ ಕಾಲಿಡಬೇಕು," ಎಂದರು. ಕತ್ತಲಾಗುವ ಮುಂಚೆ ಊರು ಸೇರಬೇಕಿತ್ತು, ನಾವು ಹೊರಟೆವು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ತಿಳಿದು ಭೀಮರಾಯರನ್ನು ಕಾಣಲು ಹೋಗಿದ್ದೆ. ಆ ಮನೆಯಲ್ಲಿ ಕಾಶಮ್ಮನವರು ಹಲವು ಬೇಸಿಗೆ ಬಾಳಿದ್ದರು. ಮದುವೆಯಾಗಿ ಗಂಡನ ಮನೆಯಲ್ಲಿದ್ದ ಅವರ ಮಗಳು ಮಂಚ ತಂದುಕೊಟ್ಟಿದ್ದಳಂತೆ, ಅದರ ಮೇಲೆ ಅಕ್ಕಿ, ಜೋಳದ ಚೀಲ ಇಟ್ಟಿದ್ದರಂತೆ. ಮಧ್ಯಾಹ್ನ ಉಂಡ ಮೇಲೆ ಚಾಪೆಯನ್ನೂ ಹಾಸಿಕೊಳ್ಳದೆ ಕೆನ್ನೆಯನ್ನು ಫರಸಿಗೆ ಹಚ್ಚಿ ಮಲಗುತ್ತಿದ್ದರು ಎಂದು ಭೀಮರಾಯರು ಹೇಳಿದರು. ಎಲ್ಲಿ ಎಂದು ನಾನು ಕೇಳಿದೆ. ಅವರು ಕಿಟಕಿಯ ಕೆಳಗಿನ ಜಾಗ ತೋರಿಸಿದರು. ನಾನು ಬಗ್ಗಿ ಅಲ್ಲಿ ಕೈಯಿಟ್ಟೆ. ಹೊರಗೆ ಬಿಸಿಲು ಸುಡುತ್ತಿತ್ತು, ಕಲ್ಲು ತಣ್ಣಗಿತ್ತು.